‘ಸಾಮಾನ್ಯ’ ಅಂತ ಬರೆದು ಬೈಸಿಕೊಂಡೆ

ಬಾಗಲಕೋಟೆಯಲ್ಲಿ ಒಂದು ಕೈಮಗ್ಗದ ಪ್ರದರ್ಶನ. ಫಲಕಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ಒಂದರಲ್ಲಿ ‘ಕಾಮನಾಲಿಟಿ’ ಎಂಬ ಪದ ಇತ್ತು. ಇಳಕಲ್ ಸೀರೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಎರಡರಲ್ಲೂ ಇರುವ ಗುಣ ಅಂತ ಅರ್ಥ. ಜಾಸ್ತಿ ಯೋಚಿಸದೆ ‘ಸೀರೆ ಮತ್ತು ಖಣದ ಸಾಮಾನ್ಯ ಗುಣಗಳು’ ಎಂದು ಬರೆದುಬಿಟ್ಟೆ.

ಮಳಿಗೆ ಹಾಕಿದ್ದ ಹಿರಿಯ ನೇಕಾರರೊಬ್ಬರು ಓದಿ ನನ್ನ ಕಡೆ ತಿರುಗಿದರು. “ಏನ್ರೀ ಸರ, ನಮ್ಮ ಖಣದ ಗುಣ ಸಾಮಾನ್ಯ ಅಂತ ಬರದೀರಲ್ಲ?”

ನಾನು ವ್ಯಾಕರಣ ಹೇಳಲು ಹೋಗಲಿಲ್ಲ. ಹೇಳಿದ್ದರೆ ಇನ್ನೂ ಬೈಸಿಕೊಳ್ಳುತ್ತಿದ್ದೆ. ‘ಸಮಾನ’ದಿಂದ ಹುಟ್ಟಿದ್ದು ‘ಸಾಮಾನ್ಯ’. ಹಲವರಲ್ಲಿ ಒಂದೇ ಥರ ಇರುವಂಥದ್ದು ಅಂತ ಮೂಲ ಅರ್ಥ. ಎಲ್ಲರಲ್ಲೂ ಇದ್ದ ಮೇಲೆ ಅದರಲ್ಲೇನು ಹೆಚ್ಚುಗಾರಿಕೆ? ಹಾಗಾಗಿ ಮಾತಿನಲ್ಲಿ ಪದದ ಬೆಲೆ ಇಳಿಯಿತು. ಹಳೇ ಅರ್ಥ ಲೆಕ್ಕದ ಪುಸ್ತಕದಲ್ಲಿ ಗಟ್ಟಿಯಾಗಿ ಕೂತಿದೆ. ಲ.ಸಾ.ಅ., ಮ.ಸಾ.ಅ. ನೆನಪಿದೆ ಅಲ್ವಾ? ಆ ‘ಸಾ’ ಇದೇ. 12ಕ್ಕೂ 18ಕ್ಕೂ ಮ.ಸಾ.ಅ. 6. ಎರಡಕ್ಕೂ ಸೇರಿದ್ದು ಅಂತ, ಮಾಮೂಲಿ ಸಂಖ್ಯೆ ಅಂತಲ್ಲ. ಲ್ಯಾಟಿನ್ನಿನ ‘ಕಮ್ಯೂನಿಸ್’ನಿಂದ ಬಂದ ‘ಕಾಮನ್’ ಪಾಡೂ ಇದೇ ನೋಡಿ.

ಮನೆಗೆ ಬಂದು, ಬೇರೆ ಪದ ಹುಡುಕಲು 1894ರ ಕಿಟೆಲ್ ನಿಘಂಟು ತೆಗೆದೆ. ‘ಸಾಮ್ಯ’ ಸರಿಯಾದ ಪದವೇ, ‘ಸಮ’ದಿಂದ ಬಂದದ್ದು. ಆದರೆ ಸಂತೆಯಲ್ಲಿ ಯಾರೂ ಆಡುವುದಿಲ್ಲ. ‘ಹೋಲಿಕೆ’ ನನಗೆ ಇಷ್ಟ. ಹೋಲು, ಹಳಗನ್ನಡದಲ್ಲಿ ಪೋಲ್. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ನಮ್ಮ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕೆ ಹೋದರೆ ಕಲ್ಲಿನ ಮೇಲೆ ‘ಪೆರನಲ್ಲ’, ಅಂದರೆ ಬೇರೆಯವನಲ್ಲ, ಅಂತಿದೆ. ಆ ‘ಪೆರ’ವೇ ಮುಂದೆ ‘ಹೆರ’. ಪೋಲ್ ಹೋಲು ಆದದ್ದೂ ಅದೇ ದಾರಿಯಲ್ಲಿ. ಆದರೆ ಹೋಲಿಕೆ ಅಂದರೆ ನೋಟದ ಮಾತು, ತಾಯಿ ಮಗಳ ಮುಖದ ಹಾಗೆ. ಸೀರೆ, ಖಣ ಪಕ್ಕಪಕ್ಕ ಇಟ್ಟರೆ ನೋಟ ಬೇರೆ ಬೇರೆ. ಒಂದಾಗಿರುವುದು ಮಗ್ಗದಲ್ಲಿ.

ಕೊನೆಗೆ ಪದವನ್ನೇ ಕೈಬಿಟ್ಟೆ. ‘ಎರಡರಲ್ಲೂ ಇರುವುದು: ಕುಣಿ (ಗುಂಡಿ) ಮಗ್ಗ, ಹತ್ತಿ, ರೇಷ್ಮೆ. ಸೀರೆಯಲ್ಲಿ ಮಾತ್ರ: ಒಡಲಿನ ಹಾಸಿನ (ಉದ್ದದ) ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿದ ತೋಪ ತೆನಿ ಸೆರಗು.’

ಮರುದಿನ ಅದೇ ನೇಕಾರರು ಓದಿದರು. “ಈಗ ಸರಿ ಆತು. ಆದ್ರ ‘ಖಣದಾಗ ಮಾತ್ರ’ ಅನ್ನೋದು ಎಲ್ಲೈತಿ?”