ಹತ್ತರಲ್ಲಿ ಏಳು ಚೀಲ ತಿಪ್ಪೆಗೆ ಹೋದವು

ಮೊದಲ ಸಲ ಹತ್ತು ಚೀಲ ಸಿಂಪಿ ಅಣಬೆ ಕಟ್ಟಿದೆ. ಹತ್ತನೇ ದಿನಕ್ಕೆ ಏಳರಲ್ಲಿ ಹಸಿರು ಬೂಸ್ಟು. ಉಳಿದ ಮೂರು ಮಾತ್ರ ಹಾಲು ಚೆಲ್ಲಿದ ಹಾಗೆ ಬೆಳ್ಳಗಿದ್ದವು. ಎಲ್ಲಕ್ಕೂ ಹಾಕಿದ್ದು ಒಂದೇ ಬೀಜ, ಹಾಗಾಗಿ ಬೀಜವನ್ನು ದೂರುವ ಹಾಗಿರಲಿಲ್ಲ. ಅವಸರ ಮಾಡಿ ಹುಲ್ಲಿನ ನೀರು ಬಸಿಯದೆ ತುಂಬಿದ್ದು ನಾನೇ.

ಈಗ ಹೀಗೆ ಮಾಡುತ್ತೇನೆ. ಭತ್ತದ ಹುಲ್ಲನ್ನು ಎರಡು ಮೂರು ಇಂಚಿಗೆ ಕತ್ತರಿಸಿ ರಾತ್ರಿಯಿಡೀ ನೆನೆಹಾಕುತ್ತೇನೆ. ಬೆಳಿಗ್ಗೆ ಬಚ್ಚಲಿನ ಹಂಡೆಯಲ್ಲಿ 80 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಒಂದು ಗಂಟೆ ಮುಳುಗಿಸಿಡುತ್ತೇನೆ. ಆಮೇಲೆ ಬಸಿದು, ತೊಳೆದ ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಳಲ್ಲಿ ಹರಡುತ್ತೇನೆ. ಒಂದು ಹಿಡಿ ಹುಲ್ಲು ತೆಗೆದು ಗಟ್ಟಿಯಾಗಿ ಹಿಂಡಿ ನೋಡಬೇಕು. ಹನಿ ಬೀಳಬಾರದು, ಅಂಗೈ ಮಾತ್ರ ತೇವ ಆಗಬೇಕು. ಹನಿ ಬಿತ್ತಾ, ಇನ್ನೊಂದು ಕಾಫಿ ಕುಡಿದು ಬರುತ್ತೇನೆ!

ಆಮೇಲೆ ಒಂದು ಪದರ ಹುಲ್ಲು, ಅಂಚಿನುದ್ದಕ್ಕೂ ಒಂದಿಷ್ಟು ಬೀಜ, ಮತ್ತೆ ಹುಲ್ಲು. ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ ಕತ್ತಲೆ ಕೋಣೆಯಲ್ಲಿ ನೇತುಹಾಕುವುದು. ಹದಿನೈದಿಪ್ಪತ್ತು ದಿನಕ್ಕೆ ಚೀಲ ಪೂರ್ತಿ ಬಿಳಿ ಆಗುತ್ತದೆ. ಆಗ ಪ್ಲಾಸ್ಟಿಕ್ ಸೀಳಿ, ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಬೇಕು. ಕಿಟಕಿ ತೆರೆದಿಡುವುದನ್ನು ಮರೆಯಬೇಡಿ. ಒಮ್ಮೆ ಮಳೆಗೆ ಹೆದರಿ ಎಲ್ಲ ಮುಚ್ಚಿಟ್ಟಿದ್ದೆ. ಕಾಂಡ ಬೆರಳುದ್ದ, ಕೊಡೆ ಶರ್ಟಿನ ಗುಂಡಿಯಷ್ಟು! ಗಾಳಿ ಆಡದಿದ್ದರೆ ಹೀಗೇ.

ಕೊಯ್ಲು ತಡ ಮಾಡಿದರೆ ಇನ್ನೊಂದು ಕಾಟ. ಬಲಿತ ಕೊಡೆಯಿಂದ ಬಿಳಿ ಪುಡಿ ಉದುರುತ್ತದೆ, ಅದೇ ಅಣಬೆಯ ಬೀಜಕಣ. ಆ ಕೋಣೆಗೆ ಬರಿಮೂತಿಯಲ್ಲಿ ಹೋಗಿ ಎರಡು ದಿನ ಕೆಮ್ಮಿದೆ. ಈಗ ಅಂಚು ಮೇಲಕ್ಕೆ ಮಗುಚುವ ಮೊದಲೇ ಕೀಳುತ್ತೇನೆ, ಮಾಸ್ಕ್ ಹಾಕಿಕೊಂಡು.

ಔಷಧಿಯ ಮಾತು. ಕೊಲೆಸ್ಟರಾಲ್ ಇಳಿಸಲು ಕೊಡುವ ಲೊವಾಸ್ಟಾಟಿನ್ ಎಂಬ ಅಂಶ ಸಿಂಪಿ ಅಣಬೆಯಲ್ಲೂ ಸ್ವಲ್ಪ ಇರುತ್ತದೆ. ಇದನ್ನು ಎಲ್ಲೋ ಕೇಳಿಸಿಕೊಂಡ ಅಪ್ಪ, "ಹಾಗಾದ್ರೆ ಮಾತ್ರೆ ಬಿಡ್ತೀನಿ" ಅಂದರು. "ಪಲ್ಯ ತಿನ್ನಿ, ಮಾತ್ರೆಯನ್ನೂ ತಗೊಳ್ಳಿ" ಅಂದೆ. ಯಾವ ಚೀಲದಲ್ಲಿ ಅದು ಎಷ್ಟಿದೆ ಅಂತ ಅಳೆಯೋರು ಯಾರು? ಇನ್ನೊಂದು, ಹಸಿಯಾಗಿ ತಿನ್ನಬೇಡಿ, ಚೆನ್ನಾಗಿ ಬೇಯಿಸಿ.

ನನಗೆ ಜಾಸ್ತಿ ನಂಬಿಕೆ ಇರೋದು ಬಿಸಿಲಿನ ಮೇಲೆ. ಅಣಬೆಯಲ್ಲಿ ಎರ್ಗೋಸ್ಟೆರಾಲ್ ಅಂತ ಒಂದಿದೆ, ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಅದು ಡಿ2 ವಿಟಮಿನ್ ಆಗುತ್ತದೆ. ಅದಕ್ಕೇ ಕೊಡೆಯ ಕೆಳಗಿನ ಗೆರೆಗಳು ಆಕಾಶ ನೋಡುವ ಹಾಗೆ ಮಗುಚಿ, ಮಧ್ಯಾಹ್ನದ ಬಿಸಿಲಿಗೆ ಮೊರದಲ್ಲಿ ಒಣಗಿಸುತ್ತೇನೆ. ನಮ್ಮ ಮಲೆನಾಡಲ್ಲಿ ಮಳೆಗಾಲ ಪೂರ್ತಿ ಈ ಕೆಲಸ ಬಂದ್. ಕಟಕಟ ಮುರಿಯುವಷ್ಟು ಒಣಗಿದ ಮೇಲೆ ಪುಡಿ ಮಾಡಿ, ಸಾರು ಕುದಿಯುವಾಗ ಒಂದು ಚಮಚ.

ಅಮ್ಮ ಮಾತ್ರ "ನಾಯಿಕೊಡೆ ನಂಗೆ ಬೇಡ" ಅಂತ ಇವತ್ತಿಗೂ ಬೇರೆ ಸಾರು ಮಾಡಿಕೊಳ್ಳುತ್ತಾಳೆ. ಆದರೆ ಮೊರದ ಹತ್ತಿರ ಕಾಗೆ ಬಂದರೆ ಕೋಲು ಹಿಡಿದು ಮೊದಲು ಓಡುವುದು ಅವಳೇ.