ರೆಡ್‌ವುಡ್ ಕಾಡಿನಲ್ಲಿ ಮರಕ್ಕೆ ಗುರುತು ಹಾಕುವ ಕೆಲಸ: ನನ್ನ ಅನುಭವ

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಬೆಳೆಯುವ ರೆಡ್‌ವುಡ್ ಮರ ಕಡಿದರೆ ಸಾಯುವುದಿಲ್ಲ. ಬೊಡ್ಡೆಯ ಸುತ್ತ ಚಿಗುರು ಏಳುತ್ತದೆ, ಕಬ್ಬಿನ ಕೂಳೆಯ ಹಾಗೆ. ಪೈನ್, ಫರ್ ಜಾತಿಯ ಮರಗಳಲ್ಲಿ ಇದು ತೀರಾ ಅಪರೂಪ. ಈ ಗುಣ ತಿಳಿದುಕೊಂಡ ಮೇಲೇ ಆ ಕಾಡಿನ ಕೆಲಸ ನನ್ನ ಕೈಗೆ ಹತ್ತಿದ್ದು.

ನಾನು ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿದವನು. ಈಗ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಒಂದು ನಾಟಾ ಕಂಪನಿಯ ಫಾರೆಸ್ಟರ್. ಯಾವ ಮರ ಕಡಿಯಬೇಕು, ಯಾವುದು ನಿಲ್ಲಬೇಕು ಎಂದು ಬಣ್ಣದ ಗುರುತು ಹಾಕುತ್ತೇನೆ. "ಮರ ಕಡಿಯೋ ಕಂಪನಿ ಕಾಡು ಉಳಿಸುತ್ತಾ?" ಅಂತ ಊರಿಗೆ ಹೋದಾಗ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಇಲ್ಲಿ ಹಿಂದೆ ನಡೆದದ್ದು ಕೆಟ್ಟದಾಗಿಯೇ ಇತ್ತು. ಹಳೆಯ ರೆಡ್‌ವುಡ್ ಕಾಡಿನಲ್ಲಿ ಈಗ ಉಳಿದಿರುವುದು ಸುಮಾರು ಶೇ. 5 ಮಾತ್ರ. ಹಂಬೋಲ್ಟ್ ಕೌಂಟಿಯ ಪೆಸಿಫಿಕ್ ಲಂಬರ್ ಕಂಪನಿಯನ್ನು 1986ರಲ್ಲಿ ಮ್ಯಾಕ್ಸಾಮ್ ಎಂಬ ಇನ್ನೊಂದು ಕಂಪನಿ ಸಾಲ ಮಾಡಿ ಕೊಂಡಿತು. ಆ ಸಾಲ ತೀರಿಸಲು ಕಡಿತ ಜೋರಾಯಿತು. 1997ರಲ್ಲಿ ಜೂಲಿಯಾ ಬಟರ್‌ಫ್ಲೈ ಹಿಲ್ ಎಂಬ ಹುಡುಗಿ ಈ ಕಡಿತ ವಿರೋಧಿಸಿ ಒಂದು ಮರ ಹತ್ತಿ, ಎರಡು ವರ್ಷಕ್ಕೂ ಜಾಸ್ತಿ ಅಲ್ಲೇ ಕೂತಳು. 1999ರಲ್ಲಿ ಸರ್ಕಾರ ಹೆಡ್‌ವಾಟರ್ಸ್ ಕಾಡನ್ನು ಕೊಂಡು ಉಳಿಸಿತು. ಪೆಸಿಫಿಕ್ ಲಂಬರ್ 2007ರಲ್ಲಿ ದಿವಾಳಿ ಎದ್ದಿತು. ಮರುವರ್ಷ ಆ ಜಮೀನು ಹಂಬೋಲ್ಟ್ ರೆಡ್‌ವುಡ್ ಕಂಪನಿಯ ಕೈಗೆ ಬಂತು. ಹಳೆಯ ಮರ ಮುಟ್ಟುವುದಿಲ್ಲ, ಗುಡ್ಡ ಬೋಳಿಸುವುದಿಲ್ಲ, ಬೆಳೆದಿದ್ದಕ್ಕಿಂತ ಕಡಿಮೆ ಕಡಿಯುತ್ತೇವೆ ಎಂಬುದು ಅವರ ನೀತಿ. ಕಾಡು ಎಷ್ಟು ಬೆಳೆಯಿತು ಎಂದು ನೋಡಿ ಕಡಿತ ನಿರ್ಧರಿಸಬೇಕೇ ಹೊರತು ಸಾಲದ ಕಂತು ನೋಡಿ ಅಲ್ಲ. ಉಳಿದ ನಿಯಮಗಳೆಲ್ಲ ಇದರ ನಂತರ ಎಂದು ನನಗನಿಸುತ್ತದೆ.

ಗುರುತು ಹಾಕುವುದು ಹೇಗೆ ಅಂತ ಹೇಳುತ್ತೇನೆ. ನೂರು ವರ್ಷದ ಹಿಂದೆ ಕಡಿದ ಒಂದು ದೊಡ್ಡ ಬೊಡ್ಡೆ ಹಿಡಿಯೋಣ. ಅಂದಿನ ಆಳುಗಳು ಹಲಗೆ ಸಿಕ್ಕಿಸಿ ಅದರ ಮೇಲೆ ನಿಂತು ಕೊಡಲಿ ಬೀಸುತ್ತಿದ್ದರು. ಆ ಹಲಗೆಗಾಗಿ ಕೊರೆದ ಕಚ್ಚು ಈಗಲೂ ಕಾಣುತ್ತದೆ. ಸುತ್ತ ಬಳೆಯಂತೆ ಏಳೆಂಟು ಮರಗಳು ನಿಂತಿವೆ, ಎಲ್ಲಕ್ಕೂ ಬೇರು ಒಂದೇ. ನಾನು ಮೊದಲು ಕತ್ತೆತ್ತಿ ತಲೆ ನೋಡುತ್ತೇನೆ. ಹಸಿರು ತುಂಬಿ ನೇರ ನಿಂತದ್ದನ್ನು ಬಿಡುತ್ತೇನೆ. ಬೆಳಕು ಸಿಗದೆ ಸೊರಗಿದ್ದು, ಪಕ್ಕದ್ದಕ್ಕೆ ಒತ್ತಿಕೊಂಡದ್ದು ಹೋಗಬೇಕು. ದಪ್ಪ ಮರ ಮಾತ್ರ ಆರಿಸಿ ಕಡಿದರೆ ಇವತ್ತಿನ ಲೆಕ್ಕ ಚೆನ್ನಾಗಿ ಕಾಣುತ್ತದೆ, ಆದರೆ ಕಾಡಿನಲ್ಲಿ ಉಳಿಯುವುದು ಸೊಟ್ಟ ಮರಗಳೇ. ಪೊಟರೆ ಇದ್ದ ಮರ, ತುದಿ ಮುರಿದ ಮರ ಮಿಲ್ಲಿಗೆ ಬೇಡದಿದ್ದರೂ ಗೂಬೆಗೆ ಬೇಕು. ಅದೂ ನಿಲ್ಲುತ್ತದೆ.

ಕಡಿಯುವ ಮರಕ್ಕೆ ಎರಡು ಕಡೆ ಬಣ್ಣ. ಒಂದು ಎದೆಯೆತ್ತರದಲ್ಲಿ, ಇನ್ನೊಂದು ನೆಲಕ್ಕೆ ತಾಗಿದಂತೆ ಬುಡದಲ್ಲಿ. ಮರ ಹೋದ ಮೇಲೂ ಬುಡದ ಬಣ್ಣ ಬೊಡ್ಡೆಯಲ್ಲಿ ಉಳಿಯುತ್ತದೆ. ಬಣ್ಣವಿಲ್ಲದ ಹಸಿ ಬೊಡ್ಡೆ ಕಂಡರೆ ಯಾರೋ ಹೇಳದ ಮರ ಕಡಿದಿದ್ದಾರೆ ಎಂದೇ ಅರ್ಥ.

ಇಷ್ಟೆಲ್ಲ ಮಾಡಿದರೂ, ಗರಗಸಕ್ಕಿಂತ ರಸ್ತೆಯೇ ಜಾಸ್ತಿ ಹಾನಿ ಮಾಡುತ್ತದೆ. ಇದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಹಳೆಯ ಲಾರಿ ರಸ್ತೆಯ ಮೋರಿಗೆ ಒಂದು ಕೊಂಬೆ ಸಿಕ್ಕಿಕೊಂಡರೆ ಸಾಕು, ನೀರು ರಸ್ತೆಗೇ ತಿರುಗಿ, ಮಣ್ಣು ಕೊಚ್ಚಿ, ಹಳ್ಳಕ್ಕೆ ಹೂಳು ತುಂಬುತ್ತದೆ. ಕೋಹೋ ಸಾಲ್ಮನ್ ಮೀನು ಮೊಟ್ಟೆ ಇಡುವುದು ಜಲ್ಲಿಯ ಸಂದಿನಲ್ಲಿ. ಅಲ್ಲಿ ಹೂಳು ಕೂತರೆ ಮೊಟ್ಟೆಗೆ ಉಸಿರಿಲ್ಲ. ಹೊಸ ಮೋರಿಯಲ್ಲಿ ನೂರು ವರ್ಷಕ್ಕೊಮ್ಮೆ ಬರುವಂಥ ಪ್ರವಾಹವೂ ಹರಿದು ಹೋಗುವಂತಿರಬೇಕು ಎಂದು ರಾಜ್ಯದ ನಿಯಮವೇ ಇದೆ. ರಸ್ತೆಯಲ್ಲಿ ಅಲ್ಲಲ್ಲಿ ಉದ್ದನೆಯ ತಗ್ಗು ಕೊಟ್ಟು, ನೀರು ಒಂದೇ ಕಡೆ ಸೇರದಂತೆ ಹೊರಬದಿಗೆ ಹರಿಸುತ್ತೇವೆ. ತಗ್ಗು ಸರಿಯಾಗಿದೆಯೇ ಎಂದು ಬೇಸಿಗೆಯಲ್ಲಿ ನೋಡಿದರೆ ತಿಳಿಯುವುದಿಲ್ಲ. ಮಳೆ ಸುರಿಯುವಾಗಲೇ ಸಲಿಕೆ ಹಿಡಿದು ನಡೆಯಬೇಕು. ನೀರು ಕೆಂಪಗಿದೆಯೋ ತಿಳಿಯಾಗಿದೆಯೋ ಆಗ ಕಣ್ಣಿಗೇ ಕಾಣುತ್ತದೆ.

ಹಿಂದೊಮ್ಮೆ ಮೀನಿಗೆ ಅಡ್ಡಿ ಎಂದುಕೊಂಡು ಹಳ್ಳಗಳಲ್ಲಿ ಬಿದ್ದ ದಿಮ್ಮಿಗಳನ್ನೆಲ್ಲ ಎಳೆದು ತೆಗೆಸಿದ್ದರು. ಈಗ ನಾವೇ ದಿಮ್ಮಿ ತಂದು ಹಾಕುತ್ತೇವೆ. ದಿಮ್ಮಿಯ ಕೆಳಗೆ ಗುಂಡಿ ಬೀಳುತ್ತದೆ, ನೀರು ತಂಪಾಗಿರುತ್ತದೆ, ಮರಿಗಳು ಅಲ್ಲಿ ಅಡಗುತ್ತವೆ.

ಇನ್ನೂ ಬಗೆಹರಿಯದ್ದು ಟ್ಯಾನ್‌ಓಕ್. ಹಿಂದೆ ರೆಡ್‌ವುಡ್ ಕಡಿದು ಖಾಲಿ ಬಿಟ್ಟ ಜಾಗವನ್ನು ಈ ಮರ ತುಂಬಿಕೊಂಡಿದೆ. ಕಾಂಡಕ್ಕೆ ಕಚ್ಚು ಹಾಕಿ ಕಳೆನಾಶಕ ಬಿಟ್ಟು, ನಿಂತಲ್ಲೇ ಒಣಗಿಸುವುದು ಅಗ್ಗದ ದಾರಿ. ಒಣಮರದ ಕಾಡಿಗೆ ಬೆಂಕಿ ಬಿದ್ದರೆ ಗತಿಯೇನು ಎಂದು ಅಲ್ಲಿನವರಿಗೆ ಭಯ. 2016ರಲ್ಲಿ ಮೆಂಡೊಸಿನೊ ಕೌಂಟಿಯ ಜನ, ಬೇಕೆಂದೇ ಸಾಯಿಸಿ ಹಾಗೇ ನಿಲ್ಲಿಸಿದ ಮರ ಸಾರ್ವಜನಿಕ ಉಪದ್ರವ ಎಂದು ಮತ ಹಾಕಿದರು. ಅವರು ಹೇಳಿದ್ದು ಸರಿ. ಟ್ಯಾನ್‌ಓಕ್ ಕಾಯಿ ಇಲ್ಲಿನ ಮೂಲನಿವಾಸಿಗಳ ಆಹಾರ ಕೂಡ. ಹಾಗಾಗಿ ಕಾಯಿ ಬಿಡುವ ದೊಡ್ಡ ಟ್ಯಾನ್‌ಓಕ್‌ಗಳನ್ನು ನಾನು ಬಿಡುತ್ತೇನೆ. ರೆಡ್‌ವುಡ್ ಬೊಡ್ಡೆಗಳ ಸುತ್ತ ಮುತ್ತಿದ ಸಣ್ಣವನ್ನು ಮಾತ್ರ ಕೆಡವಿ, ನೆಲಕ್ಕೆ ಒರಗುವಂತೆ ತುಂಡು ಮಾಡಿಸುತ್ತೇನೆ. ಖರ್ಚು ಜಾಸ್ತಿ, ನಿಜ. ಮನೆಗಳ ಹತ್ತಿರದ ಇಳಿಜಾರಿನಲ್ಲಂತೂ ಆ ಖರ್ಚು ಕಂಪನಿಯೇ ಹೊರಬೇಕು.