ಹಳೇ ಡೀಸೆಲ್ ಟ್ರಕ್ಕಿಗೆ ಹೊಸ ಟಾರ್ಕ್ ಕನ್ವರ್ಟರ್: ಐದು ವರ್ಷದ ನನ್ನ ಅನುಭವ

65 ಮೈಲಿ ವೇಗದಲ್ಲಿ ನನ್ನ ಟ್ರಕ್ಕಿನ ಆರ್‌ಪಿಎಂ ಮುಳ್ಳು 1,750ರ ಹತ್ತಿರ ನಿಲ್ಲಬೇಕು. ಆ ದಿನ ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ ಅದು 2,000 ದಾಟಿತು. ಗೇರ್ ಬದಲಾಗಿರಲಿಲ್ಲ. ವೇಗವೂ ಜಾಸ್ತಿ ಆಗಿರಲಿಲ್ಲ. ಎಂಜಿನ್ ಸುತ್ತುತ್ತಿತ್ತು, ಆ ಸುತ್ತು ಪೂರ್ತಿ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ. ಮನೆಗೆ ಬಂದು ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ಮೂಸಿದೆ. ಸೀದ ವಾಸನೆ. ಕೆಂಪಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ನಾನಿರುವುದು ಅಮೆರಿಕದ ಡೆನ್ವರ್‌ನಲ್ಲಿ. ಗಾಡಿ 1999ರ ಡಾಡ್ಜ್ ರ್‍ಯಾಮ್ 2500. 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್, 47ಆರ್‌ಇ ಅನ್ನುವ ನಾಲ್ಕು ಗೇರಿನ ಆಟೊಮ್ಯಾಟಿಕ್. ವಾರವಿಡೀ ಕೆಲಸಕ್ಕೆ ಹೋಗಿ ಬರುವುದು ಇದರಲ್ಲೇ, ವಾರದ ಕೊನೆಗೆ ಟ್ರೇಲರ್. ಕಾರ್ಖಾನೆಯಿಂದ ಬಂದಾಗ ಇದರ ಶಕ್ತಿ 215 ಹಾರ್ಸ್‌ಪವರ್, ಟಾರ್ಕ್ 420 ಪೌಂಡ್-ಅಡಿ. ಅದರ ಮೇಲೆ ನಾನು ಪವರ್ ಏರಿಸುವ ಬಾಕ್ಸ್ ಹಾಕಿಸಿದ್ದೆ. ಹಾಗಾಗಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಹಳೇ ಟಾರ್ಕ್ ಕನ್ವರ್ಟರ್ ಸೋತದ್ದಕ್ಕೆ ಅದನ್ನು ದೂರಲಾರೆ. ಅದಕ್ಕೆ ಹೊರಿಸಬಾರದ ಹೊರೆ ಹೊರಿಸಿದವನು ನಾನು.

ನಮ್ಮಪ್ಪ ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ವರ್ಷಗಟ್ಟಲೆ ಲಾರಿ ಓಡಿಸಿದವರು. ಕನ್ವರ್ಟರ್ ಅಂದರೆ ಏನು ಅಂತ ಫೋನಿನಲ್ಲಿ ಅವರಿಗೆ ವಿವರಿಸಿದೆ. ಎರಡು ಫ್ಯಾನು ಎದುರುಬದುರು ಇಟ್ಟ ಹಾಗಪ್ಪಾ ಅಂದೆ. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಎಸೆಯುವ ಆಯಿಲ್ ಇನ್ನೊಂದನ್ನು ತಿರುಗಿಸುತ್ತದೆ. ನಡುವೆ ಸ್ಟೇಟರ್ ಅಂತ ಒಂದಿದೆ, ವಾಪಸ್ ಬರುವ ಆಯಿಲನ್ನು ಎಂಜಿನ್ ಸುತ್ತುವ ದಿಕ್ಕಿಗೇ ಹೊರಳಿಸುತ್ತದೆ. ಅದರಿಂದ ನಿಂತ ಗಾಡಿ ಹೊರಡುವಾಗ ಟಾರ್ಕ್ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಯಾವಾಗ್ಲೂ ಹಾಫ್ ಕ್ಲಚ್ಚಲ್ಲೇ ಓಡಿಸ್ತಿದ್ದೀಯ ಅನ್ನು" ಅಂದರು.

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಆ ಜಾರುವಿಕೆಯೇ ಬಿಸಿಯಾಗಿ ಆಯಿಲನ್ನು ಸುಡುತ್ತದೆ. ವೇಗ ಹಿಡಿದ ಮೇಲೆ ಒಳಗಿನ ಕ್ಲಚ್ ಎರಡೂ ಫ್ಯಾನನ್ನು ಒಂದು ಮಾಡಿ ಹಿಡಿಯುತ್ತದೆ. ಅದಕ್ಕೆ ಲಾಕಪ್ ಅನ್ನುತ್ತಾರೆ. ನನ್ನ ಗಾಡಿಯಲ್ಲಿ ಸೋತದ್ದು ಆ ಕ್ಲಚ್ಚೇ. ಮೂಲ ಕನ್ವರ್ಟರ್‌ನಲ್ಲಿ ಅದು ಒಂದೇ ಪ್ಲೇಟಿನದು. ನಾನು ಮೂರು ಪ್ಲೇಟಿನ, ದಪ್ಪ ಮುಂಗವಚದ ಆಫ್ಟರ್‌ಮಾರ್ಕೆಟ್ (ಗಾಡಿ ಕಂಪನಿಯದಲ್ಲದ, ಹೊರಗಿನವರು ಮಾಡುವ) ಕನ್ವರ್ಟರ್ ಮಾಡಿಸಿದೆ.

ತಪ್ಪಾಗಿದ್ದು ಸ್ಟಾಲ್ ಸ್ಪೀಡ್ ವಿಷಯದಲ್ಲಿ. ಬ್ರೇಕ್ ಒತ್ತಿ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಏರಿ ನಿಲ್ಲುತ್ತದೋ ಅದೇ ಸ್ಟಾಲ್. ಅದು ಕಡಿಮೆ ಇದ್ದರೆ ಕನ್ವರ್ಟರ್ ಬಿಗಿ, ಜಾಸ್ತಿ ಇದ್ದರೆ ಸಡಿಲ. ಕನ್ವರ್ಟರ್ ಮಾಡುವವರಿಗೆ ನಾನು ಪವರ್ ಎಷ್ಟು, ಟ್ರೇಲರ್ ತೂಕ ಎಷ್ಟು ಅಂತ ಹೇಳಿದೆ. ಡೆನ್ವರ್ 5,280 ಅಡಿ ಎತ್ತರದಲ್ಲಿದೆ, ವಾರದಲ್ಲಿ ಐದು ದಿನ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡಿಸುತ್ತೇನೆ ಅಂತ ಹೇಳಲಿಲ್ಲ. ಅವರು ಎಳೆಯುವ ಕೆಲಸಕ್ಕೆ ಸರಿಯಾಗಿ ಬಿಗಿಯಾದದ್ದನ್ನೇ ಕೊಟ್ಟರು.

ಹೆದ್ದಾರಿಯಲ್ಲಿ ಸೊಗಸಾಗಿತ್ತು. ಊರೊಳಗೆ ಕಷ್ಟ. ಇಲ್ಲಿ ಗಾಳಿ ತೆಳು. ಟರ್ಬೊ ಗಾಳಿ ತುಂಬುವ ಮುಂಚೆ ಎಂಜಿನ್ನಿಗೆ ಶಕ್ತಿ ಕಡಿಮೆ, ಶಕ್ತಿ ಕಡಿಮೆಯಾದಷ್ಟೂ ಸ್ಟಾಲ್ ಇನ್ನೂ ಕೆಳಗಿಳಿಯುತ್ತದೆ. ಬಿಗಿ ಕನ್ವರ್ಟರ್ ಎಂಜಿನ್ನನ್ನು ಮೇಲೇಳಲು ಬಿಡುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು, ಬ್ರೇಕ್ ಒತ್ತಿ ಒತ್ತಿ ಕಾಲು ನೋಯುತ್ತಿತ್ತು. ಹೊರಟರೆ ಕಪ್ಪು ಹೊಗೆ. ಒಂದು ದಿನ ಹಿಂದೆ ನಿಂತಿದ್ದ ಸೈಕಲ್ ಹುಡುಗಿ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದದ್ದನ್ನು ಕನ್ನಡಿಯಲ್ಲಿ ನೋಡಿದೆ. ಅವತ್ತೇ ತೀರ್ಮಾನಿಸಿದೆ, ಇದನ್ನು ಮತ್ತೆ ಇಳಿಸಬೇಕು ಅಂತ. ಸ್ಟೇಟರ್ ಬದಲಾಯಿಸಿ ಸ್ಟಾಲನ್ನು ಸುಮಾರು 200 ಆರ್‌ಪಿಎಂ ಮೇಲಕ್ಕೆ ತರಿಸಿದೆ. ಅಷ್ಟೇ ಸಾಕಾಯಿತು. ಹೊಗೆ ಹೋಯಿತು, ಗಾಡಿ ಸಲೀಸಾಗಿ ಹೊರಡತೊಡಗಿತು. ನೀವು ಮಾಡಿಸುವುದಾದರೆ ಪವರ್ ಎಷ್ಟು ಅನ್ನುವುದಕ್ಕಿಂತ ಮೊದಲು ಗಾಡಿ ದಿನಾ ಎಲ್ಲಿ ಓಡುತ್ತದೆ, ಟೈರ್ ಅಳತೆ ಏನು, ಊರಿನ ಎತ್ತರ ಎಷ್ಟು ಅಂತ ಹೇಳಿ.

ಎರಡು ಸಲವೂ ಗೇರ್‌ಬಾಕ್ಸ್ ಇಳಿಸಿದ್ದು ನಾನು ಮತ್ತು ಒಬ್ಬ ಗೆಳೆಯ, ನಮ್ಮ ಗ್ಯಾರೇಜಿನಲ್ಲೇ. ಬೋಲ್ಟ್ ಬಿಚ್ಚುವುದು ಬರೀ ಶ್ರಮ. ನಾಜೂಕಿನ ಕೆಲಸ ಕನ್ವರ್ಟರ್ ಕೂರಿಸುವಾಗ. ಒಳಗೆ ಒಂದು ಲೀಟರಿನಷ್ಟು ಆಯಿಲ್ ಸುರಿದು, ಗೇರ್‌ಬಾಕ್ಸಿನ ಮೂತಿಗೆ ಹಿಡಿದು, ಎರಡೂ ಕೈಯಲ್ಲಿ ತಿರುಗಿಸುತ್ತಾ ಒಳಕ್ಕೆ ದೂಡಬೇಕು. ಒಂದು ಸಲ "ಟಕ್" ಅನ್ನುತ್ತದೆ. ಪೂರ್ತಿ ಕೂತಿತು ಅನ್ನಿಸುತ್ತದೆ, ಕೂತಿರುವುದಿಲ್ಲ. ಮತ್ತೆ ತಿರುಗಿಸಬೇಕು, ಎರಡನೇ ಟಕ್. ಮೂರನೆಯದು ಪಂಪಿನದು. ಅದು ಬರಲು ಮೊದಲ ಸಲ ನಮಗೆ ಅರ್ಧ ಗಂಟೆ ಹಿಡಿಯಿತು. ಆ ಮೂರನೇ ಟಕ್ ಬಾರದೆ ಬೋಲ್ಟ್ ಬಿಗಿದರೆ ಆಯಿಲ್ ಪಂಪ್ ಒಡೆಯುತ್ತದೆ. ಗೇರ್‌ಬಾಕ್ಸ್ ಎಂಜಿನ್ನಿಗೆ ಸೇರಿದ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಅದಕ್ಕೂ ಎಂಜಿನ್ ಕಡೆಯ ತಿರುಗುವ ತಟ್ಟೆಗೂ (ಫ್ಲೆಕ್ಸ್‌ಪ್ಲೇಟ್) ನಡುವೆ ಮೂರು ಮಿಲಿಮೀಟರಿನಷ್ಟು ಸಂದು ಇರಬೇಕು. ಇಲ್ಲದಿದ್ದರೆ ಬಿಚ್ಚಿ ಮತ್ತೆ ಕೂರಿಸಿ. ಬೋಲ್ಟ್ ಹಾಕಿ ಎಳೆದು ಸರಿಮಾಡಲು ಹೋಗಲೇಬೇಡಿ.

ಹಳೇ ಕ್ಲಚ್ಚಿನ ಪುಡಿ ಆಯಿಲ್ ತಣಿಸುವ ಕೂಲರ್ ಮತ್ತು ಪೈಪಿನೊಳಗೆ ಕೂತಿರುತ್ತದೆ. ತೊಳೆಸಿ, ಆಗದಿದ್ದರೆ ಕೂಲರನ್ನೇ ಬದಲಾಯಿಸಿ. ಮೂರು ಪ್ಲೇಟನ್ನು ಗಟ್ಟಿಯಾಗಿ ಒತ್ತಲು ಪ್ರೆಷರ್ ಜಾಸ್ತಿ ಬೇಕು, ಅದಕ್ಕೆ ಗೇರ್‌ಬಾಕ್ಸಿನೊಳಗೆ ಆಯಿಲ್ ಪ್ರೆಷರ್ ಹಂಚುವ ವಾಲ್ವ್ ಬಾಡಿಯನ್ನೂ ಸರಿಮಾಡಿಸಿದೆ. ಆಯಿಲ್ ಎಟಿಎಫ್+4 ಮಾತ್ರ. ಕನ್ವರ್ಟರ್‌ನಿಂದ ಹೊರಬರುವ ಪೈಪಿಗೆ ಟೆಂಪರೇಚರ್ ಗೇಜ್ ಹಾಕಿಸಿದೆ. ಲಾಕ್ ಆಗಿದ್ದಾಗ ಮುಳ್ಳು 170 ಫ್ಯಾರನ್‌ಹೀಟ್ ಆಸುಪಾಸು ನಿಲ್ಲುತ್ತದೆ. ಟ್ರೇಲರ್ ಇದ್ದು, ಲಾಕ್ ಇಲ್ಲದೆ ಏರು ಹತ್ತಿದರೆ ಕೆಲವೇ ನಿಮಿಷದಲ್ಲಿ 230ಕ್ಕೆ ಹೋದದ್ದನ್ನು ಕಂಡಿದ್ದೇನೆ.

ಎರಡನೇ ವರ್ಷ ಹೊಸ ತಲೆನೋವು ಶುರುವಾಯಿತು. 50 ಮೈಲಿ ಹತ್ತಿರ ಹೋಗುವಾಗ ಲಾಕ್ ಆಗುವುದು, ಬಿಡುವುದು, ಮತ್ತೆ ಆಗುವುದು. ಮೂರು ಪ್ಲೇಟಿನ ಲಾಕ್ ಮೆತ್ತಗೆ ಹಿಡಿಯುವುದಿಲ್ಲ, ಇನ್ನೊಂದು ಗೇರ್ ಬಿದ್ದ ಹಾಗೆ ತಳ್ಳುತ್ತದೆ. ಹಾಗಾಗಿ ಪ್ರತಿ ಸಲವೂ ಕುತ್ತಿಗೆಗೆ ಒಂದು ಜರ್ಕ್. ಕನ್ವರ್ಟರೇ ಹೋಯಿತು ಅಂದುಕೊಂಡೆ. ಕೊನೆಗೆ ದೋಷ ಸಿಕ್ಕಿದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿ. ಅದರ ಡಯೋಡ್ ಹಳತಾಗಿ ಡಿಸಿ ಜೊತೆ ಎಸಿ ಕರೆಂಟೂ ಸೋರುತ್ತಿತ್ತು. ಅದು ಆಕ್ಸಿಲರೇಟರ್ ಸೆನ್ಸರಿನ ಸಿಗ್ನಲ್ ಕೆಡಿಸಿ ಕಂಪ್ಯೂಟರನ್ನು ದಾರಿ ತಪ್ಪಿಸುತ್ತಿತ್ತು. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರನ್ನು ಎಸಿಗೆ ಇಟ್ಟು ಬ್ಯಾಟರಿ ಮೇಲೆ ಹಿಡಿದೆ, 0.3 ವೋಲ್ಟ್ ತೋರಿಸಿತು. ಆಲ್ಟರ್ನೇಟರ್ ಬದಲಾಯಿಸಿದ ಮೇಲೆ 0.03. ಜರ್ಕ್ ಅಲ್ಲಿಗೇ ನಿಂತಿತು. ಸುಮ್ನೆ ಗೇರ್‌ಬಾಕ್ಸ್ ಇಳಿಸುವ ಮುಂಚೆ ಇದನ್ನೊಮ್ಮೆ ನೋಡಿ.

ಚಳಿಗಾಲದ ಬೆಳಿಗ್ಗೆ ಗೇರನ್ನು ಪಾರ್ಕ್‌ನಲ್ಲಿಟ್ಟು ಗಾಡಿ ಬಿಸಿ ಮಾಡಬೇಡಿ. ಈ ಗೇರ್‌ಬಾಕ್ಸಿನಲ್ಲಿ ಪಾರ್ಕ್‌ನಲ್ಲಿದ್ದಾಗ ಕನ್ವರ್ಟರ್‌ಗೆ ಆಯಿಲ್ ಹೋಗುವುದಿಲ್ಲ. ಪಾರ್ಕಿಂಗ್ ಬ್ರೇಕ್ ಗಟ್ಟಿಯಾಗಿ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ನಾನು ಗಾಡಿಯಲ್ಲೇ ಕೂತಿರುತ್ತೇನೆ. ಆಯಿಲ್ ಮಟ್ಟ ನೋಡುವುದೂ ನ್ಯೂಟ್ರಲ್‌ನಲ್ಲೇ, ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ.

ಇಳಿಜಾರಿಗೆ ಅಂತ ಒಂದು ಸ್ವಿಚ್ ಹಾಕಿಸಿದ್ದೇನೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಲಾಕ್ ಬಿಟ್ಟುಬಿಡುತ್ತದೆ, ಆಗ ಎಂಜಿನ್ನಿನ ಮತ್ತು ಹೊಗೆ ಹೋಗುವ ದಾರಿ ಬಿಗಿಮಾಡಿ ವೇಗ ತಡೆಯುವ ಎಕ್ಸಾಸ್ಟ್ ಬ್ರೇಕಿನ ಹಿಡಿತ ಚಕ್ರಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಸ್ವಿಚ್ ಒತ್ತಿದರೆ ಲಾಕ್ ಉಳಿಯುತ್ತದೆ. ನಿಲ್ಲಿಸುವ ಮುಂಚೆ ಮರೆಯದೆ ಆಫ್ ಮಾಡಬೇಕು, ಇಲ್ಲದಿದ್ದರೆ ಕ್ಲಚ್ ಒತ್ತದೆ ನಿಲ್ಲಿಸಿದ ಲಾರಿಯಂತೆ ಎಂಜಿನ್ ಆಫ್ ಆಗುತ್ತದೆ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಟ್ರೇಲರ್ ಕಟ್ಟಿಕೊಂಡು ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿದೆವು. ಸುರಂಗ ಇರುವುದು 11,000 ಅಡಿಗೂ ಮೇಲೆ, ಆಮೇಲೆ ಮೈಲಿಗಟ್ಟಲೆ ಇಳಿಜಾರು. ಇಲ್ಲಿ ಪಕ್ಕದ ಸೀಟು ಬಲಗಡೆ ಇರುತ್ತದೆ, ಅಪ್ಪನಿಗೆ ಅದು ಡ್ರೈವರ್ ಜಾಗ. ಸುರಂಗದಿಂದ ಹೊರಬಂದ ಕೂಡಲೇ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತತೊಡಗಿತು. ಓವರ್‌ಡ್ರೈವ್ (ನಾಲ್ಕನೇ ಗೇರ್) ಆಫ್ ಮಾಡಿದೆ, ಸ್ವಿಚ್ ಒತ್ತಿದೆ, ಎಕ್ಸಾಸ್ಟ್ ಬ್ರೇಕ್ ಹಾಕಿದೆ. ಮುಳ್ಳು 2,150ರ ಹತ್ತಿರ ನಿಂತಿತು, ಗಾಡಿ 55 ಮೈಲಿಯಲ್ಲಿ ಹಿಡಿದಿಟ್ಟಂತೆ ಇಳಿಯಿತು.

"ಈಗ ಗೇರಲ್ಲೇ ಇದೆ ಅಲ್ವಾ?" ಅಂದರು ಅಪ್ಪ.

"ಹೌದಪ್ಪ, ಹಾಫ್ ಕ್ಲಚ್ ಅಲ್ಲ."

ಅವರು ಕಾಲು ಹಿಂದಕ್ಕೆ ತೆಗೆದುಕೊಂಡು, ಕಿಟಕಿಯಾಚೆಯ ಹಿಮದ ಬೆಟ್ಟ ನೋಡುತ್ತಾ ಕೂತರು.